ರಾಹುಲ್ ಬೇಕಿತ್ತಾ, ಬೌಲರ್ ಬೇಕಿತ್ತಾ?

ಕೆ.ಎಲ್. ರಾಹುಲ್‌ನ ಬಿಟ್ಟು ಆರ್‌ಸಿಬಿ ತಪ್ಪು ಮಾಡ್ತಾ?
ಗಂಗಾವತಿಯಾಗ್ಲಿ, ಕುಷ್ಟಗಿಯಾಗ್ಲಿ,
ಚಹಾದಂಗಡಿಯಲ್ಲಿ ಕೇಳಿ ನೋಡ್ರಿ!

2024ರ ಐಪಿಎಲ್ ಮೆಗಾ ಹರಾಜು.
ನಮ್ಮ ಹುಡುಗ 14 ಕೋಟಿಗೆ ಡೆಲ್ಲಿ ಪಾಲು.
ಆರ್‌ಸಿಬಿಯಲ್ಲಿದ್ದ ಬೌಲರ್ ಸಿರಾಜ್ ಗುಜರಾತ್ ಪಾಲು.
ಆದರೆ ಯಲಬುರ್ಗಾದ ರೈತ
ಸಂತೆಯಲ್ಲಿ ಇದ್ದ ದುಡ್ಡೆಲ್ಲ ಒಂದೇ ಎತ್ತಿಗೆ ಸುರೀತಾನಾ?
ನೊಗಕ್ಕೆ ಜೋಡಿ ಬೇಡ್ವಾ?

ಆರ್‌ಸಿಬಿ ದುಡ್ಡು ಹಂಚಿತು.
ಬೌಲರ್ ಹೇಜಲ್‌ವುಡ್‌ಗೆ ಹನ್ನೆರಡೂವರೆ ಕೋಟಿ,
ಕೃಣಾಲ್‌ಗೆ ಅದರರ್ಧಕ್ಕಿಂತ ಕಡಿಮೆ.
2025ರ ಫೈನಲ್‌ನಲ್ಲಿ ಅದೇ ಕೃಣಾಲ್:
4 ಓವರ್, 17 ರನ್, 2 ವಿಕೆಟ್!

ಗೆದ್ದಿದ್ದು ಬರೀ 6 ರನ್ನಿಂದ, ಅದೃಷ್ಟ ಅಂತೀರಾ?
ಹಂಗಾದ್ರೆ ಲೀಗ್‌ನಲ್ಲಿ ಹೊರಗಿನ ಮೈದಾನದ 7ಕ್ಕೆ 7 ಪಂದ್ಯ ಗೆದ್ದಿದ್ದು?

ಹೌದು, ರಾಹುಲ್ 539 ರನ್ ಹೊಡೆದ.
ಹೊಟ್ಟೆ ಉರೀತದ, ಒಪ್ತೀನಿ.
ಆದರೆ ಡೆಲ್ಲಿ ಪ್ಲೇಆಫ್‌ಗೇ ಬರಲಿಲ್ಲ.