ರೂಡ್ ಅಂದ್ರೆ ಏನು ಗುರು?

ನಮ್ಮ ಕ್ಯಾಂಪಸ್ಸಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಇಂಗ್ಲಿಷ್ ಪದ ‘ರೂಡ್’. ಮೆಸೇಜಿಗೆ ಬರೀ ‘ಕೆ’ ಅಂತ ಉತ್ತರಿಸಿದರೆ ರೂಡ್. ಬ್ಲೂ ಟಿಕ್ ಬಿದ್ದ ಮೇಲೂ ಸುಮ್ಮನಿದ್ದರೆ ಇನ್ನೂ ರೂಡ್. ಇಂಟರ್ನಲ್ಸ್‌ನಲ್ಲಿ ಅರ್ಧ ಮಾರ್ಕ್ಸ್ ಕೊಡದ ಮೇಡಂ ರೂಡ್, ಚಿಲ್ಲರೆ ಕೇಳುವ ಕಂಡಕ್ಟರ್ ರೂಡ್, ‘ಆಮೇಲೆ ಮಾತಾಡ್ತೀನಿ’ ಅಂದ ಗೆಳತಿ ಸಿಕ್ಕಾಪಟ್ಟೆ ರೂಡ್. ಅಹಂಕಾರ, ಸಿಡುಕು, ಉಡಾಫೆ, ಸುಸ್ತು, ಸಂಕೋಚ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ.

ನಾನು ಈ ಪದದ ಬೆನ್ನು ಹತ್ತಲು ಕಾರಣ ನನ್ನ ರೂಮ್‌ಮೇಟ್. ವಿಜಯಪುರದ ಕಡೆಯವನು. ಕ್ಯಾಂಪಸ್ ಸೆಲೆಕ್ಷನ್‌ಗೆ ಮೊದಲು ನಡೆಯುವ ಮಾಕ್ ಇಂಟರ್‌ವ್ಯೂನಲ್ಲಿ ಅವನಿಗೆ ಟೆಕ್ನಿಕಲ್‌ಗೆ ಹತ್ತಕ್ಕೆ ಎಂಟು ಬಂದಿತ್ತು. ಅದೇ ಹಾಳೆಯ ಕೆಳಗೆ ಒಂದು ಷರಾ: ‘ಟೋನ್ ರೂಡ್’. ಅವನು ಮಾಡಿದ್ದಿಷ್ಟೆ. ಪ್ರಶ್ನೆ ಸರಿಯಾಗಿ ಕೇಳಿಸದೆ ‘ರಿಪೀಟ್ ದ ಕ್ವೆಶ್ಚನ್’ ಅಂದಿದ್ದ. ಆಮೇಲಿನ ಎರಡು ಮಾಕ್‌ಗಳಿಗೆ ಹೋಗಲೇ ಇಲ್ಲ. ಮನೆಯಲ್ಲಿ ಅವನೇ ಮೊದಲ ಇಂಜಿನಿಯರ್, ತಲೆ ಮೇಲೆ ಎಜುಕೇಷನ್ ಲೋನ್ ಬೇರೆ. ‘ನಾ ಮಾತಾಡಿದ್ರ ಜಗಳಾಡಿದಂಗ ಕೇಳ್ತದಂತ, ಸುಮ್ಮನಿರೋದು ಚಲೋ’ ಅಂತ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ.

ಅವನು ಮನಸ್ಸಿನಲ್ಲಿ ಅಂದುಕೊಂಡಿದ್ದು ‘ಪ್ರಶ್ನೆ ಇನ್ನೊಮ್ಮೆ ಹೇಳ್ರಿ’ ಅಂತ. ಆ ‘ರಿ’ಯಲ್ಲೇ ಮರ್ಯಾದೆಯೆಲ್ಲ ಇದೆ. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲಿರುತ್ತದೆ: ಕೊಡಿ, ಬನ್ನಿ, ಹೇಳಿ. ‘ದಯವಿಟ್ಟು’ ಅನ್ನುವುದನ್ನು ನಾವು ಆಡುವುದಕ್ಕಿಂತ ಬೋರ್ಡುಗಳ ಮೇಲೆ ಓದುವುದೇ ಹೆಚ್ಚು. ಇಂಗ್ಲಿಷಿಗೆ ಈ ಬಾಲವಿಲ್ಲ. ನೀನು, ನೀವು ಎರಡಕ್ಕೂ ಒಂದೇ ‘ಯು’. ಅದಕ್ಕೇ ಅಲ್ಲಿ ‘ಪ್ಲೀಸ್’, ‘ಕುಡ್ ಯು’, ‘ವುಡ್ ಯು ಮೈಂಡ್’ ಎಂಬ ಮೆತ್ತೆಗಳನ್ನು ಬೇರೆಯಾಗಿ ಹೊಲಿಯಬೇಕು. ನನ್ನ ಗೆಳೆಯನ ‘ರಿ’ ಇಂಗ್ಲಿಷಿಗೆ ಹೋಗುವಾಗ ಚೆಕ್‌ಪೋಸ್ಟಿನಲ್ಲೇ ಉಳಿದುಬಿಟ್ಟಿತ್ತು. ಇದು ವ್ಯಾಕರಣದ ಸಮಸ್ಯೆ. ಹಾಳೆಯಲ್ಲಿ ಮಾತ್ರ ಅದು ಸ್ವಭಾವದ ಸಮಸ್ಯೆಯಾಗಿ ದಾಖಲಾಗಿತ್ತು.

ಡಿಕ್ಷನರಿ ತೆಗೆದರೆ ಇನ್ನೊಂದು ಕಥೆ. ‘ರೂಡ್’ನ ಮೂಲ ಲ್ಯಾಟಿನ್ನಿನ ‘ರುಡಿಸ್’. ಅದರರ್ಥ ಹಸಿ, ಪಳಗದ, ಕೆತ್ತದೆ ಬಿಟ್ಟ ವಸ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ರೂಡ್ ಹಟ್’ ಅಂದರೆ ಸೊಕ್ಕಿನ ಗುಡಿಸಲಲ್ಲ, ಒರಟೊರಟಾಗಿ ಕಟ್ಟಿದ ಗುಡಿಸಲು. ಒಂದು ವಿದ್ಯೆಯ ಮೊದಲ ಪಾಠಗಳಿಗೆ ‘ರುಡಿಮೆಂಟ್ಸ್’ ಅನ್ನುವುದೂ ಇದೇ ಬೇರಿನಿಂದ. ಮಹಾ ವಿದ್ವಾಂಸನಿಗೆ ಹೇಳುವ ‘ಎರುಡೈಟ್’ ಎಂಬ ಪದದ ಒಳಗೂ ಅದೇ ಇದೆ, ಒರಟುತನದಿಂದ ಹೊರಬಂದವನು ಅಂತ. ನಮ್ಮ ‘ಒರಟು’ ಇದಕ್ಕೆ ಖಾಸಾ ಅಣ್ಣತಮ್ಮ. ಹಲಗೆಯೂ ಒರಟು, ಮನುಷ್ಯನೂ ಒರಟು.

ಇದಕ್ಕೆ ಎದುರಾದ ‘ಪೊಲೈಟ್’ ನೋಡಿ. ಅದರ ಲ್ಯಾಟಿನ್ ಮೂಲದ ಅರ್ಥ ‘ಪಾಲಿಶ್ ಮಾಡಿದ್ದು’. ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನಗೆ ಇದನ್ನು ಓದಿ ನಗು ಬಂತು. ಸರ್ಫೇಸ್ ರಫ್‌ನೆಸ್ಸನ್ನು ಮೈಕ್ರಾನ್‌ಗಳಲ್ಲಿ ಅಳೆಯುವವರು ನಾವು. ಎಂಜಿನ್ನಿನ ಸಿಲಿಂಡರ್ ಒಳಮೈಯನ್ನು ಕನ್ನಡಿಯ ಹಾಗೆ ನುಣುಪು ಮಾಡಿದರೆ ಆಯಿಲ್ ನಿಲ್ಲುವುದಿಲ್ಲ. ಅದಕ್ಕೆ ಹೋನಿಂಗ್ ಮಾಡಿ ಬೇಕೆಂದೇ ಅಡ್ಡಡ್ಡ ಸಣ್ಣ ಗೀರು ಬಿಡುತ್ತಾರೆ.

ನಮ್ಮ ಬ್ರಾಂಚಿಗೂ ಈ ಪದಕ್ಕೂ ಹಳೆಯ ನಂಟು ಇನ್ನೊಂದಿದೆ. ಶೇಕ್ಸ್‌ಪಿಯರ್ ಸುಮಾರು 1595ರ ಹೊತ್ತಿಗೆ ಬರೆದ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಆರು ಜನ ಕಸುಬುದಾರರು ಬರುತ್ತಾರೆ. ನೇಕಾರ, ಬಡಗಿ, ಮರಗೆಲಸದ ಇನ್ನೊಬ್ಬ, ತಿದಿ ರಿಪೇರಿಯವ, ಪಾತ್ರೆ ತೇಪೆ ಹಾಕುವವ, ದರ್ಜಿ. ರಾಜನ ಮದುವೆಗೆಂದು ನಾಟಕ ಕಲಿಯುವ ಇವರನ್ನು ಇಂಗ್ಲಿಷ್ ಸಾಹಿತ್ಯದವರು ಇಂದಿಗೂ ಕರೆಯುವುದು ‘ರೂಡ್ ಮೆಕ್ಯಾನಿಕಲ್ಸ್’ ಅಂತಲೇ. ‘ಮೆಕ್ಯಾನಿಕಲ್’ ಅಂದರೆ ಕೈಕೆಲಸದವನು, ‘ರೂಡ್’ ಅಂದರೆ ಓದುಬರಹವಿಲ್ಲದವನು. ಎಂ.ಎ. ಇಂಗ್ಲಿಷ್ ಓದುತ್ತಿರುವ ಅಕ್ಕ ಇದನ್ನು ಹೇಳಿದ ಮೇಲೆ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹೆಸರು ಹುಡುಕುವ ಕಷ್ಟ ತಪ್ಪಿತು.

ತಮಾಷೆ ಹಾಗಿರಲಿ. ಓದದವನು, ಬಡವ, ಹಳ್ಳಿಯವನು ಎಂಬ ಅರ್ಥವೇ ನಿಧಾನಕ್ಕೆ ‘ಮರ್ಯಾದೆ ಗೊತ್ತಿಲ್ಲದವನು’ ಅಂತಾಗಿದೆ. ‘ವಿಲನ್’ ಮೊದಲು ಜಮೀನಿನಲ್ಲಿ ದುಡಿಯುವ ಆಳು. ‘ವಲ್ಗರ್’ ಅಂದರೆ ಜನಸಾಮಾನ್ಯರದು ಅಂತಷ್ಟೇ ಇತ್ತು. ಬರೀ ಇಂಗ್ಲಿಷನ್ನು ಬೈದು ಪ್ರಯೋಜನವಿಲ್ಲ. ನಗರದಿಂದ ‘ನಾಗರಿಕ’, ಗ್ರಾಮದಿಂದ ‘ಗ್ರಾಮ್ಯ’ ಮಾಡಿಕೊಂಡವರು ನಾವೂ ಹೌದಲ್ಲ! ಉತ್ತರ ಕರ್ನಾಟಕದ ಹುಡುಗ ಗೆಳೆಯನನ್ನು ಪ್ರೀತಿಯಿಂದ ‘ಏನಲೇ’ ಅಂದರೆ ಈ ಕಡೆಯವರ ಹುಬ್ಬು ಏರುತ್ತದೆ.

ಹಾಗಂತ ‘ರೂಡ್’ ಯಾವಾಗಲೂ ಬೈಗುಳವಲ್ಲ. ಬ್ರಿಟಿಷರು ಅಜ್ಜನೊಬ್ಬ ‘ರೂಡ್ ಹೆಲ್ತ್’ನಲ್ಲಿದ್ದಾನೆ ಅಂದರೆ ಗಟ್ಟಿಮುಟ್ಟಾಗಿದ್ದಾನೆ ಅಂತ ಹೊಗಳಿದ ಹಾಗೆ. ‘ರೂಡ್ ಜೋಕ್’ ಅಂದರೆ ಪೋಲಿ ಜೋಕು. ‘ರೂಡ್ ಶಾಕ್’ ದಿಢೀರನೆ ಬೀಳುವ ಪೆಟ್ಟು, ರಿಸಲ್ಟ್ ದಿನ ನಮಗೆ ಚೆನ್ನಾಗಿ ಪರಿಚಯ. 1960ರ ದಶಕದ ಜಮೈಕಾದಲ್ಲಿ ‘ರೂಡ್ ಬಾಯ್’ ಅಂದರೆ ಬೀದಿಯಲ್ಲಿ ಸ್ಟೈಲಾಗಿ ತಿರುಗುವ ಪುಂಡ ಹುಡುಗ. ಇಂಟರ್‌ವ್ಯೂಗೆ ಹೋಗುವವರಿಗೆ ಒಂದು ಮಾತು: ‘ನನ್ನ ಜೊತೆ ರೂಡ್ ಆಗಿದ್ದ’ ಅನ್ನುವ ಕನ್ನಡದ ಅಭ್ಯಾಸದಲ್ಲಿ ನಾವು ‘ರೂಡ್ ವಿತ್ ಮಿ’ ಅಂತೇವೆ, ಇಂಗ್ಲಿಷಿನ ರೂಢಿ ‘ರೂಡ್ ಟು ಮಿ’. ಹೋಲಿಕೆಗೆ ‘ಮೋರ್ ರೂಡ್’ಗಿಂತ ‘ರೂಡರ್’ ಸರಿ.

ನಿಜವಾದ ರೂಡ್‌ನೆಸ್ ನೋಡಬೇಕಾದರೆ ನಮ್ಮ ಮೆಸ್ಸಿಗೆ ಬರಬೇಕು. ಟ್ರೈನರ್ ಎದುರು ಬೆಣ್ಣೆಯಂಥ ಇಂಗ್ಲಿಷಿನಲ್ಲಿ ‘ಎಕ್ಸ್‌ಕ್ಯೂಸ್ ಮಿ ಸರ್’ ಅಂದು ಹತ್ತಕ್ಕೆ ಹತ್ತು ತೆಗೆದುಕೊಂಡವನೇ ಅರ್ಧ ಗಂಟೆಯ ನಂತರ, ತನ್ನ ತಂದೆಗಿಂತ ದೊಡ್ಡವರಾದ ಬಡಿಸುವವರಿಗೆ ‘ಏಯ್, ಸಾಂಬಾರ್ ಹಾಕು’ ಅನ್ನುತ್ತಾನೆ. ಅದನ್ನು ಯಾವ ಹಾಳೆಯಲ್ಲೂ ಯಾರೂ ಬರೆಯುವುದಿಲ್ಲ. ನನ್ನ ರೂಮ್‌ಮೇಟ್ ಅದೇ ವ್ಯಕ್ತಿಗೆ ‘ಕಾಕಾ, ಊಟ ಆತೇನ್ರಿ?’ ಅಂತ ಕೇಳಿಯೇ ತಟ್ಟೆ ಹಿಡಿಯುವುದು. ಕಾಕಾ ಅವನಿಗೆ ಒಂದು ಹಪ್ಪಳ ಜಾಸ್ತಿ ಹಾಕುತ್ತಾರೆ. ನಮಗ್ಯಾರಿಗೂ ಹಾಕುವುದಿಲ್ಲ, ಬಿಡಿ.

ಕಳೆದ ವಾರ ಅವನು ಮತ್ತೆ ಮಾಕ್‌ಗೆ ಹೆಸರು ಕೊಟ್ಟಿದ್ದಾನೆ. ರಾತ್ರಿ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಜೋರಾಗಿಯೇ ನಡೆದಿದೆ. ‘ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್’ ಎಂಬುದು ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ. ಕೊನೆಯಲ್ಲಿ ಒಂದು ‘ರೀ’ ಸೇರಿಕೊಳ್ಳುತ್ತದೆ. ಅದನ್ನು ತೆಗೆ ಅಂತ ನಾನು ಇನ್ನೂ ಹೇಳಿಲ್ಲ.