ಹಾಲಾಹಲಕ್ಕೊಂದು ಕಲ್ಲಿನ ಕಂಠ

ಕ್ಷೀರಸಾಗರವನ್ನು ಕಡೆದಾಗ ಅಮೃತಕ್ಕಿಂತ ಮೊದಲು ಮೂಡಿದ್ದು ಹಾಲಾಹಲ. ಶಿವನು ಅದನ್ನು ಒಡಲಿಗಿಳಿಸಲಿಲ್ಲ, ಹೊರಗೂ ಉಗುಳಲಿಲ್ಲ. ಕಂಠದಲ್ಲಿಯೇ ತಡೆದು ನಿಲ್ಲಿಸಿದನು. ಪರಮಾಣುವನ್ನು ಕಡೆದು ವಿದ್ಯುತ್ತನ್ನು ಪಡೆದ ಮಾನವನ ಮುಂದೆಯೂ ಇಂದು ಅಂತಹುದೇ ವಿಷವೊಂದು ನಿಂತಿದೆ. ಅದನ್ನು ತಡೆಯಬಲ್ಲ ಕಂಠ ಯಾವುದು?

ಅಣುಸ್ಥಾವರದ ಒಲೆಯಲ್ಲಿ ಉರಿದ ಯುರೇನಿಯಂ ಉಳಿಸಿಹೋಗುವ ಬೂದಿ ಸಾಮಾನ್ಯವಾದುದಲ್ಲ. ಅದರಲ್ಲಿನ ಸೀಸಿಯಂ-137 ತನ್ನ ವಿಕಿರಣದ ಅರ್ಧ ಬಲವನ್ನು ಕಳೆದುಕೊಳ್ಳಲು 30 ವರ್ಷ ಬೇಕು. ಪ್ಲುಟೋನಿಯಂ-239ಕ್ಕಾದರೋ 24,000 ವರ್ಷಗಳಿಗೂ ಮೇಲೆ. ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನ ವೇಷ ಧರಿಸಿ ನಮ್ಮ ಎಲುಬುಗಳನ್ನೇ ಹೊಕ್ಕು ಕುಳಿತುಕೊಳ್ಳುತ್ತದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಇಲ್ಲಿ ಸಲ್ಲದು. ದೀಪ ಹೊತ್ತಿಸಿಕೊಂಡವರು ನಾವು. ಉಣ್ಣಬೇಕಾದವರು ಇನ್ನೂ ಹುಟ್ಟದ ಮೊಮ್ಮಕ್ಕಳ ಮೊಮ್ಮಕ್ಕಳು!

ಈ ವಿಷಕ್ಕೆ ಕಾಲು ಕೊಡುವುದು ನೀರು. ಆದ್ದರಿಂದ ನೀರಿನಲ್ಲಿ ಕರಗದ ಘನವಸ್ತುವಿನೊಳಗೆ ಅದನ್ನು ಬಂಧಿಸಬೇಕು. ನಮ್ಮ ದೇಶದ ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಉಗ್ರ ತ್ಯಾಜ್ಯವನ್ನು ಗಾಜಿನೊಡನೆ ಕರಗಿಸಿ ಗಟ್ಟಿಮಾಡುವ ಕ್ರಮವಿದೆ. ಆದರೆ ಗಾಜು ಕರಗಲು ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಕಾವಿನಲ್ಲಿ ಸೀಸಿಯಂ, ಟೆಕ್ನೀಷಿಯಂಗಳ ಒಂದಂಶ ಆವಿಯಾಗಿ ಮೇಲೇಳುತ್ತದೆ. ಅದನ್ನು ಮತ್ತೆ ಹಿಡಿಯಬೇಕು.

ಬೆಂಕಿಯಿಲ್ಲದೆ ಕಲ್ಲಾಗುವ ಪಿಂಗಾಣಿ ಉಂಟೆ? ಉಂಟು. ಅಮೆರಿಕದ ಷಿಕಾಗೋ ಬಳಿಯ ಆರ್ಗಾನ್ ಪ್ರಯೋಗಾಲಯದಲ್ಲಿ ಅರುಣ್ ವಾಘ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅದನ್ನು ರೂಪಿಸಿದರು. ಚೆನ್ನಾಗಿ ಸುಟ್ಟ ಮೆಗ್ನೀಷಿಯಂ ಆಕ್ಸೈಡಿನ ಪುಡಿ, ಪೊಟ್ಯಾಸಿಯಂ ಫಾಸ್ಫೇಟ್ ಲವಣ, ನೀರು—ಇವುಗಳೊಡನೆ ತ್ಯಾಜ್ಯವನ್ನು ಕಲಸಿದರೆ ಕೆಲವು ಗಂಟೆಗಳಲ್ಲಿ ಮಿಶ್ರಣವು ಕಲ್ಲಾಗುತ್ತದೆ. ಕುಂಬಾರನ ಆವಿಗೆ ಬೇಕಿಲ್ಲ. ದಂತವೈದ್ಯರು ಬಹುಕಾಲದಿಂದ ಬಳಸುತ್ತಿರುವ ಸತು ಫಾಸ್ಫೇಟಿನ ಸಿಮೆಂಟೂ ಇದೇ ಕುಲದ್ದು. ಇಲ್ಲಿ ಬಂಧನ ಎರಡು ಬಗೆಯದು: ವಿಷಧಾತುಗಳಲ್ಲಿ ಹಲವು ಫಾಸ್ಫೇಟಿನೊಡನೆ ಕೂಡಿ ನೀರಿನಲ್ಲಿ ಕರಗಲಾರದ ಸಂಯುಕ್ತಗಳಾಗುತ್ತವೆ, ಹಾಗಾದವುಗಳನ್ನು ಸುತ್ತಲಿನ ಕಲ್ಲು ಮತ್ತೊಮ್ಮೆ ಮುಚ್ಚುತ್ತದೆ.

ಇದು ಬಾಳುವುದೆಂಬ ಭರವಸೆಯೇನು? ನಿಸರ್ಗವೇ ಸಾಕ್ಷಿ. ಕೇರಳದ ಕಡಲತೀರದ ಮರಳಿನಲ್ಲಿ ಸಿಗುವ ಮೊನಜೈಟ್ ಒಂದು ಫಾಸ್ಫೇಟ್ ಖನಿಜ. ಅದು ಥೋರಿಯಂ ವಿಕಿರಣವನ್ನು ಒಡಲಲ್ಲಿಟ್ಟುಕೊಂಡೇ ಕೋಟ್ಯಂತರ ವರ್ಷ ಮಳೆಗೂ ಅಲೆಗೂ ಜಗ್ಗದೆ ಉಳಿದಿದೆ. ಆಫ್ರಿಕದ ಗ್ಯಾಬಾನಿನ ಓಕ್ಲೋದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ತಾನೇತಾನಾಗಿ ಅಣು ಒಲೆಗಳು ಉರಿದಿದ್ದುವೆಂಬುದು 1972ರಲ್ಲಿ ತಿಳಿಯಿತು. ಅಲ್ಲಿ ದೊರೆತ ಅಪಟೈಟ್ ಹರಳುಗಳು ಅಂದಿನ ವಿದಳನದ ಶೇಷಗಳನ್ನು ಇಂದಿಗೂ ಹಿಡಿದಿಟ್ಟಿವೆ. ಈ ಅಪಟೈಟ್ ಬೇರೆಯಲ್ಲ, ನಮ್ಮ ಹಲ್ಲು-ಎಲುಬುಗಳ ಖನಿಜದ ಒಡಹುಟ್ಟು. ಸ್ಟ್ರಾನ್ಷಿಯಂ ಅನ್ನು ಸೆಳೆದುಕೊಳ್ಳುವ ಯಾವ ಗುಣ ನಮ್ಮ ಮೂಳೆಗೆ ಶಾಪವೋ, ಅದೇ ಗುಣ ಕಲ್ಲಿನಲ್ಲಿ ವರವಾಗಿದೆ!

ಹಾಗೆಂದು ಇದು ಸರ್ವರೋಗ ಸಂಜೀವಿನಿಯಲ್ಲ. ಫಾಸ್ಫೇಟ್ ವಿಕಿರಣವನ್ನು ಆರಿಸುವುದಿಲ್ಲ, ಕಟ್ಟಿಹಾಕುತ್ತದೆ ಅಷ್ಟೆ. ತಣ್ಣಗೆ ಗಟ್ಟಿಯಾಗುವ ಈ ಕಲ್ಲಿನ ರಚನೆಯಲ್ಲಿಯೇ ನೀರಿನಂಶ ಇರುವುದರಿಂದ ಅದು ಮಂದ ವಿಕಿರಣದ ತ್ಯಾಜ್ಯಕ್ಕೆ ಹೆಚ್ಚು ಒಗ್ಗುತ್ತದೆ. ಪ್ರಖರವಾದುದಕ್ಕೆ ಗಾಜು, ಇಲ್ಲವೇ ಮೊನಜೈಟಿನಂತೆ ಸುಟ್ಟು ಮಾಡಿದ ಪಿಂಗಾಣಿಗಳೇ ತಕ್ಕವು. ಹೇಗೆ ಕಟ್ಟಿದರೂ ಕಾವಲು ತಪ್ಪದು.

ಹಾಲಾಹಲವನ್ನು ಧರಿಸಿದವನು ದೇವರು. ನಮ್ಮ ಹಾಲಾಹಲಕ್ಕೆ ಕಂಠವನ್ನು ನಾವೇ ಕಡೆದು ಕೊಡಬೇಕು. ಮುಂದಿನವರಿಗೆ ಬೆಳಕಿನ ಜೊತೆಗೆ ಭಯವನ್ನೂ ಬಳುವಳಿಯಾಗಿ ಬಿಟ್ಟುಹೋಗುವುದು ಹಿರಿಯರ ಲಕ್ಷಣವಲ್ಲ.