ಫಿಸ್ಟುಲಾ ಕೈ: ಡಯಾಲಿಸಿಸ್ ರೋಗಿಯ ಮನೆ ಆರೈಕೆ

ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ಬೇಕು ಎಂದು ಡಾಕ್ಟರ್ ಹೇಳಿದ ದಿನ ಎಲ್ಲರ ಯೋಚನೆಯೂ ಮಷೀನಿನ ಸುತ್ತಲೇ ಇರುತ್ತದೆ. ಎಲ್ಲಿ ಸಿಗುತ್ತದೆ? ಎಷ್ಟಾಗುತ್ತದೆ? ನೋವಾಗುತ್ತದೆಯೇ? ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಮೊದಲು ಒಂದು ಲೆಕ್ಕ ನೋಡಿ. ವಾರಕ್ಕೆ ಮೂರು ಸಲ, ಸಲಕ್ಕೆ 4 ಗಂಟೆ ಎಂದರೆ ಒಟ್ಟು 12 ಗಂಟೆ. ವಾರದ 168 ಗಂಟೆಗಳಲ್ಲಿ ಉಳಿದ 156 ಗಂಟೆ ರೋಗಿ ನಿಮ್ಮ ಜೊತೆಯೇ ಇರುತ್ತಾರೆ. ಆ 12 ಗಂಟೆ ನೋಡಿಕೊಳ್ಳಲು ಸಿಸ್ಟರ್ ಇದ್ದಾರೆ, ಟೆಕ್ನೀಷಿಯನ್ ಇದ್ದಾರೆ. ಉಳಿದ ಹೊತ್ತಿಗೆ ಸಿಸ್ಟರ್ ನೀವೇ. ಆಗ ನೀವು ಕಾಪಾಡಬೇಕಾದದ್ದರಲ್ಲಿ ಮೊದಲನೆಯದು ರೋಗಿಯ ಒಂದು ಕೈ.

ಆ ಕೈಯ ವಿಷಯಕ್ಕೆ ಬರುವ ಮುಂಚೆ ಡಯಾಲಿಸಿಸ್ ಎಂದರೇನು ಎಂದು ಹೇಳಿಬಿಡುತ್ತೇನೆ.

ನಮ್ಮ ಕಿಡ್ನಿ, ಅಂದರೆ ಮೂತ್ರಪಿಂಡ, ಒಂದು ಮುಷ್ಟಿಯಷ್ಟು ದೊಡ್ಡದು. ಪ್ರತಿಯೊಂದರಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದ್ದನ್ನು ದೇಹಕ್ಕೇ ಹಿಂತಿರುಗಿಸಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ಕೆಲಸ ನಿಂತರೆ ಕೊಳೆ, ನೀರು, ಪೊಟ್ಯಾಸಿಯಂ ಎಂಬ ಲವಣ ಎಲ್ಲವೂ ರಕ್ತದಲ್ಲೇ ಉಳಿಯುತ್ತವೆ. ಅದನ್ನು ಹೊರಗಿನಿಂದ ತೆಗೆಯುವುದೇ ಡಯಾಲಿಸಿಸ್.

“ಒಂದು ಸಲ ಹಿಡಿದರೆ ಬಿಡುವ ಹಾಗಿಲ್ಲವಂತೆ, ಅದಕ್ಕೇ ಬೇಡ” ಎನ್ನುವವರನ್ನು ತುಂಬ ಕಂಡಿದ್ದೇನೆ. ಈ ಭಯದಿಂದಲೇ ತಡ ಮಾಡಿ ಉಸಿರಾಡಲಾಗದ ಸ್ಥಿತಿಯಲ್ಲಿ ಬರುತ್ತಾರೆ. ನಿಜ ಹೀಗಿದೆ. ಹಾವು ಕಡಿತ, ಇಲಿಜ್ವರ, ಜೋರು ವಾಂತಿಭೇದಿ, ಅಪಘಾತದಲ್ಲಿ ಮಾಂಸಖಂಡ ಜಜ್ಜಿಹೋಗುವುದು, ಇಂಥ ಕಾರಣಗಳಿಂದ ಕಿಡ್ನಿ ದಿಢೀರನೆ ನಿಂತರೆ ಅನೇಕರಲ್ಲಿ ಕೆಲವು ವಾರಗಳಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಆಮೇಲೆ ಡಯಾಲಿಸಿಸ್ ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ವರ್ಷಗಟ್ಟಲೆ ಸವೆದ ಕಿಡ್ನಿ ಮರಳಿ ಬರುವುದಿಲ್ಲ. ಅಂಥವರಿಗೆ ಕಸಿ ಆಗುವವರೆಗೆ ಡಯಾಲಿಸಿಸ್ ಬೇಕೇ ಬೇಕು. ಬಿಡಲಾಗದಂತೆ ಮಾಡಿದ್ದು ಕಾಯಿಲೆ, ಡಯಾಲಿಸಿಸ್ ಅಲ್ಲ.

ಮಷೀನಿನ ಪಕ್ಕದಲ್ಲಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ನೆಟ್ಟಗೆ ನಿಂತಿರುತ್ತದೆ. ಡಯಲೈಜರ್ ಎಂಬ ಸೋಸುಕ ಅದೇ. ಅದರೊಳಗೆ ಕೂದಲೆಳೆಯಷ್ಟು ಸಣ್ಣ, ಟೊಳ್ಳಾದ ಸಾವಿರಾರು ಎಳೆಗಳಿವೆ. ಎಳೆಯ ಒಳಗೆ ರಕ್ತ ಹರಿಯುತ್ತದೆ, ಹೊರಗೆ ಲವಣ ಬೆರೆಸಿದ ಶುದ್ಧ ನೀರು ಹರಿಯುತ್ತದೆ. ಎಳೆಯ ಗೋಡೆಯಲ್ಲಿರುವ ಅತಿ ಸಣ್ಣ ರಂಧ್ರಗಳ ಮೂಲಕ ಕೊಳೆ ರಕ್ತದಿಂದ ನೀರಿಗೆ ದಾಟುತ್ತದೆ. ರಕ್ತಕಣಗಳು ದೊಡ್ಡವಾದ್ದರಿಂದ ಒಳಗೇ ಉಳಿಯುತ್ತವೆ. ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿ ನೀರು ಹರಿದರೆ 4 ಗಂಟೆಗೆ 120 ಲೀಟರ್ ಬೇಕು. ಡಯಾಲಿಸಿಸ್ ಘಟಕದಲ್ಲಿ ದೊಡ್ಡ ಆರ್‌ಒ ಪ್ಲಾಂಟ್ ಇರುವುದು ಇದಕ್ಕೇ. “ರಕ್ತವೆಲ್ಲ ಹೊರಗೆ ತೆಗೆದುಬಿಡ್ತಾರಾ?” ಎಂದು ಹೆದರಬೇಡಿ. ಯಾವ ಹೊತ್ತಿನಲ್ಲಿ ನೋಡಿದರೂ ದೇಹದ ಹೊರಗಿರುವುದು ಒಂದು ಲೋಟದಷ್ಟು ರಕ್ತ ಮಾತ್ರ.

ಹೀಗೆ ಸೋಸಲು ನಿಮಿಷಕ್ಕೆ ಸುಮಾರು 300 ಮಿಲಿ ರಕ್ತ ಮಷೀನಿಗೆ ಬರಬೇಕು. ಸಾಮಾನ್ಯ ಕೈನರ ಅಷ್ಟು ಕೊಡಲಾರದು. ಅದಕ್ಕಾಗಿ ಮಣಿಕಟ್ಟಿನ ಬಳಿಯೋ ಮೊಣಕೈ ಹತ್ತಿರವೋ ಒಂದು ಚಿಕ್ಕ ಆಪರೇಷನ್ ಮಾಡಿ, ಹೃದಯದಿಂದ ಜೋರಾಗಿ ರಕ್ತ ತರುವ ಧಮನಿಯನ್ನು ಪಕ್ಕದ ಅಭಿಧಮನಿಗೆ ಸೇರಿಸಿ ಹೊಲಿಯುತ್ತಾರೆ. ಇದೇ ಫಿಸ್ಟುಲಾ. ನ್ಯೂಯಾರ್ಕಿನ ವೈದ್ಯರು ಈ ವಿಧಾನವನ್ನು 1966ರಲ್ಲಿ ಪ್ರಕಟಿಸಿದರು. ಇವತ್ತಿಗೂ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ. ಕತ್ತಿನಲ್ಲಿ ಹಾಕುವ ಪೈಪು ತುರ್ತಿಗೆ ಸರಿ, ಆದರೆ ಅದರಿಂದ ಸೋಂಕು ನೇರವಾಗಿ ರಕ್ತಕ್ಕೇ ಇಳಿಯುವ ಅಪಾಯವಿದೆ.

ಫಿಸ್ಟುಲಾ ಮಾಡಿದ ಮರುದಿನವೇ ಸೂಜಿ ಹಾಕುವಂತಿಲ್ಲ. ನರ ಉಬ್ಬಿ ಗಟ್ಟಿಯಾಗಲು ಆರು ವಾರದಿಂದ ಮೂರು ತಿಂಗಳು ಬೇಕು. ಆದ್ದರಿಂದ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕೊಳೆ ಏರುತ್ತಿದೆ, ಮುಂದೆ ಡಯಾಲಿಸಿಸ್ ಬೇಕಾಗಬಹುದು ಎಂದು ಡಾಕ್ಟರ್ ಹೇಳಿದ ಕೂಡಲೇ ಫಿಸ್ಟುಲಾ ಯಾವಾಗ ಎಂದು ನೀವೇ ಕೇಳಿ. ಬಲಗೈ ಬಳಸುವವರಿಗೆ ಸಾಮಾನ್ಯವಾಗಿ ಎಡಗೈಯಲ್ಲಿ ಮಾಡುತ್ತಾರೆ. ಅಂದಿನಿಂದಲೇ ಆ ಕೈಗೆ ಡ್ರಿಪ್, ಇಂಜೆಕ್ಷನ್, ರಕ್ತಪರೀಕ್ಷೆಯ ಸೂಜಿ ಬೇಡ. ಜ್ವರಕ್ಕೆಂದು ಪಕ್ಕದ ಕ್ಲಿನಿಕ್ಕಿಗೆ ಹೋದಾಗಲೂ “ಈ ಕೈ ಬೇಡ ಸಿಸ್ಟರ್, ಫಿಸ್ಟುಲಾಗೆ ಇಟ್ಟಿದೀವಿ” ಎಂದು ಧೈರ್ಯವಾಗಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫಿಸ್ಟುಲಾ ಚೆನ್ನಾಗಿದೆಯೇ ಎಂದು ತಿಳಿಯುವುದು ಸುಲಭ. ಬೆಳಿಗ್ಗೆ ಎದ್ದ ಮೇಲೆ ಕೈ ತೊಳೆದು, ಮೂರು ಬೆರಳುಗಳನ್ನು ಹೊಲಿಗೆಯ ಗುರುತಿನ ಮೇಲೆ ಹಗುರವಾಗಿ ಇಡಿ. ಒತ್ತಬೇಡಿ. ಮೀಟಿದ ತಂಬೂರಿಯ ಬುರುಡೆಯ ಮೇಲೆ ಅಂಗೈ ಇಟ್ಟರೆ ಹೇಗಿರುತ್ತದೋ ಹಾಗೆ ಝುಂ ಎನ್ನುವ ಕಂಪನ ಬೆರಳಿಗೆ ಸಿಗುತ್ತದೆ. ಇದನ್ನು ಥ್ರಿಲ್ ಎನ್ನುತ್ತಾರೆ. ಕಿವಿ ಹಚ್ಚಿದರೆ ಗಾಳಿ ಬೀಸುವಂಥ ಸದ್ದೂ ಕೇಳುತ್ತದೆ. ಕಂಪನ ಇದ್ದರೆ ರಕ್ತ ಹರಿಯುತ್ತಿದೆ ಎಂದರ್ಥ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ನೋಡಿ. ಕಂಪನ ತೀರಾ ಕಡಿಮೆಯಾಗಿದ್ದರೆ ಅಥವಾ ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ, ಸಾಧ್ಯವಾದರೆ ಅದೇ ಗಂಟೆ ಆಸ್ಪತ್ರೆಗೆ ಹೊರಡಿ.

ನನ್ನ ಸೋದರಮಾವನಿಗೆ ಆದದ್ದು ಇದೇ. ರಾತ್ರಿ ಬಸ್ಸಿನಲ್ಲಿ ಫಿಸ್ಟುಲಾ ಕೈಯನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದರು. ಬೆಳಿಗ್ಗೆ ಕಂಪನ ಇರಲಿಲ್ಲ. “ಹೇಗೂ ನಾಡಿದ್ದು ಡಯಾಲಿಸಿಸ್ ಇದೆಯಲ್ಲ, ಆಗ ತೋರಿಸಿದರಾಯ್ತು” ಎಂದುಕೊಂಡೆವು. ಬೇಗ ಹೋಗಿದ್ದರೆ ಹೆಪ್ಪು ತೆಗೆದು ಉಳಿಸಬಹುದಿತ್ತೇನೋ. ಎರಡು ದಿನದಲ್ಲಿ ಫಿಸ್ಟುಲಾ ಮುಚ್ಚಿಹೋಯಿತು. ಮತ್ತೆ ಕತ್ತಿಗೆ ಪೈಪು, ಇನ್ನೊಂದು ಕೈಗೆ ಆಪರೇಷನ್, ತಿಂಗಳುಗಟ್ಟಲೆ ಕಾಯುವಿಕೆ. ಇದನ್ನು ಬರೆಯಲು ಕೂತದ್ದೇ ಆ ಎರಡು ದಿನ ನೆನೆದು.

ಫಿಸ್ಟುಲಾ ಕೈಯ ಮೇಲೆ ಮಲಗಬಾರದು. ಅದಕ್ಕೆ ಬಿಪಿ ಪಟ್ಟಿ ಸುತ್ತಿಸಬಾರದು. ಬಿಗಿ ಬಳೆ, ವಾಚು, ಇಕ್ಕಟ್ಟಾದ ರವಿಕೆ ತೋಳು ಬೇಡ. ನೀರಿನ ಕೊಡ, ಅಕ್ಕಿ ಮೂಟೆ ಎತ್ತಬಾರದು. ಹಾಗೆಂದು ಕೈಯನ್ನು ಅಲುಗಾಡಿಸದೆ ಇಡುವುದೂ ಬೇಡ. ಗಾಯ ಮಾಗಿದ ಮೇಲೆ ಡಾಕ್ಟರ್ ಹೇಳಿದಂತೆ ಮೆತ್ತನೆ ಚೆಂಡು ಹಿಸುಕುವುದು ಒಳ್ಳೆಯದು. ಡಯಾಲಿಸಿಸ್ಸಿಗೆ ಹೋಗುವ ಮುಂಚೆ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಕೆಂಪಗಾಗುವುದು, ಬಿಸಿ, ಕೀವು, ಚಳಿಜ್ವರ ಇವು ಸೋಂಕಿನ ಗುರುತು.

ಮನೆಗೆ ಬಂದ ಮೇಲೆ ಸೂಜಿ ಹಾಕಿದ ಜಾಗದಿಂದ ರಕ್ತ ಚಿಮ್ಮಿದರೆ? ಗಾಬರಿ ಸಹಜ. ಟವೆಲ್ ಸುತ್ತುತ್ತಾ ಕೂರಬೇಡಿ, ಬಟ್ಟೆ ರಕ್ತ ಹೀರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮಡಿಸಿದ ಚಿಕ್ಕ ಬಟ್ಟೆ ಅಥವಾ ಗಾಜ್ ಇಟ್ಟು, ಸರಿಯಾಗಿ ರಂಧ್ರದ ಮೇಲೆಯೇ ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ. ತೆಗೆದು ತೆಗೆದು ನೋಡಬೇಡಿ. ರಕ್ತ ಚಿಮ್ಮುತ್ತಿದ್ದರೆ ಇನ್ನೊಬ್ಬರಿಂದ ತಕ್ಷಣ 108ಕ್ಕೆ ಕರೆ ಮಾಡಿಸಿ. ಬರೀ ಜಿನುಗುತ್ತಿದ್ದರೆ 10–15 ನಿಮಿಷ ಒತ್ತಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ಕರೆ ಮಾಡಿ.

ಇನ್ನು ನೀರು ಮತ್ತು ಊಟ. ದೇಹದಲ್ಲಿ ಹೆಚ್ಚಿನ ನೀರಿಲ್ಲದಾಗ ಇರುವ ತೂಕಕ್ಕೆ ಡ್ರೈ ವೇಟ್ ಎನ್ನುತ್ತಾರೆ. ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಎರಡು ಕಿಲೋ ಏರಿದರೆ, ಅದು ಸುಮಾರು ಎರಡು ಲೀಟರ್ ನೀರು. ಅಷ್ಟನ್ನೂ 4 ಗಂಟೆಯಲ್ಲಿ ತೆಗೆಯಬೇಕು. ತುಂಬ ತೆಗೆದರೆ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಹಾಗೆ ಅನ್ನಿಸಿದ ಕೂಡಲೇ ಸಿಸ್ಟರಿಗೆ ಹೇಳಬೇಕು, ಸಂಕೋಚಪಟ್ಟು ಸುಮ್ಮನಿರಬಾರದು. ಸಾಮಾನ್ಯವಾಗಿ ಹಿಂದಿನ ದಿನ ಆದ ಮೂತ್ರದಷ್ಟು, ಜೊತೆಗೆ ಅರ್ಧ ಲೀಟರ್ ಕುಡಿಯಲು ಹೇಳುತ್ತಾರೆ. ಮಜ್ಜಿಗೆ, ಸಾರು, ಕಾಫಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ಬಾಯಾರಿಕೆಯೇ ಅರ್ಧ ಇಳಿಯುತ್ತದೆ.

ನೋಡಲು ಬರುವ ನೆಂಟರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು, ಮೋಸಂಬಿ ತರುತ್ತಾರೆ. ಮೂರರಲ್ಲೂ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರು ತಂಪು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ, ಈ ಕಾಯಿಲೆಯಲ್ಲಿ ಮಾತ್ರ ಅದು ಬೇಡ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪೂ ಬೇಡ, ಅದರಲ್ಲಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಕರಾವಳಿಯವರು ದಾರೆಹುಳಿಯನ್ನು, ಅಂದರೆ ನಕ್ಷತ್ರದಾಕಾರದ ಆ ಹುಳಿಹಣ್ಣನ್ನು, ಮುಟ್ಟಲೇಬಾರದು. ಕಿಡ್ನಿ ಕೆಟ್ಟವರಲ್ಲಿ ಅದರ ವಿಷ ಮೆದುಳಿಗೇರಿ ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ತಗ್ಗುತ್ತದೆ. ಬಸ್ಸಾರು ಮಾಡುವ ಮನೆಯವರು ಬಸಿದ ಕಟ್ಟನ್ನು ರೋಗಿಗೆ ಬಡಿಸಬೇಡಿ. ಮೊಟ್ಟೆ, ಮೀನಿನಂಥ ಪ್ರೋಟೀನ್ ಎಷ್ಟು ಬೇಕೆಂದು ಡಯಟೀಷಿಯನ್ ಬಳಿ ಕೇಳಿ. ಡಯಾಲಿಸಿಸ್ ಶುರುವಾದ ಮೇಲೆ ಅದು ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ.

ಖರ್ಚಿನ ಮಾತಿಗೆ ಬರೋಣ. ಖಾಸಗಿಯಲ್ಲಿ ಒಂದು ಸಲಕ್ಕೆ ಸುಮಾರು 1,500ರಿಂದ 3,000 ರೂಪಾಯಿ, ತಿಂಗಳಿಗೆ 12–13 ಸಲ. ರಕ್ತ ಹೆಚ್ಚಿಸುವ ಇಂಜೆಕ್ಷನ್, ಮಾತ್ರೆ, ಓಡಾಟ ಬೇರೆ. ಇಷ್ಟು ಭಾರ ಹೊರುವ ಮುಂಚೆ ಸರ್ಕಾರಿ ದಾರಿ ನೋಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಅದರಡಿ ಬಿಪಿಎಲ್ ಕಾರ್ಡಿನವರಿಗೆ ಡಯಾಲಿಸಿಸ್ ಉಚಿತ. ನಮ್ಮ ರಾಜ್ಯದಲ್ಲಿ ಜಿಲ್ಲಾಸ್ಪತ್ರೆ ಮಾತ್ರವಲ್ಲ, ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೋ-ಯೂರಾಲಜಿ ಸಂಸ್ಥೆ ಕಿಡ್ನಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಮೃತರ ಅಂಗದಾನದಿಂದ ಕಿಡ್ನಿ ಬೇಕಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಬೇಕು. ಆಸ್ಪತ್ರೆ ತೀರಾ ದೂರವಿದ್ದರೆ ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆಯೂ ಡಾಕ್ಟರ್ ಬಳಿ ವಿಚಾರಿಸಿ.

ತಾಲ್ಲೂಕು ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡ್, ಆಧಾರ್, ಡಾಕ್ಟರ್ ಚೀಟಿ ಇರಲಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವರದಿಗಳಿಲ್ಲದೆ ಸಾಮಾನ್ಯವಾಗಿ ಮಷೀನಿಗೆ ಹಾಕುವುದಿಲ್ಲ. ಸೋಂಕು ಇರುವವರಿಗೆ ಬೇರೆ ಮಷೀನು ಬೇಕಾಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನು ಆದಷ್ಟು ಬೇಗ ಶುರು ಮಾಡಿಸಿ. ಮಷೀನು ಖಾಲಿ ಇಲ್ಲ ಎಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಪಕ್ಕದ ತಾಲ್ಲೂಕಿನಲ್ಲಿ ಇದೆಯೇ ಎಂದು ಕೇಳಿ. ಆರೋಗ್ಯ ಸಹಾಯವಾಣಿ 104ಕ್ಕೂ ಕರೆ ಮಾಡಬಹುದು. ಪಾಳಿ ಸಿಕ್ಕಾಗ ನಿಮ್ಮ ಊರಿನ ಬಸ್ಸಿನ ಸಮಯ ಹೇಳಿ ಅದಕ್ಕೆ ಹೊಂದುವ ಹೊತ್ತನ್ನೇ ಕೇಳಿಕೊಳ್ಳಿ. ಕೊನೆ ಬಸ್ಸು ತಪ್ಪುತ್ತದೆಂದು 4 ಗಂಟೆಯ ಡಯಾಲಿಸಿಸ್ಸನ್ನು ಮೂರಕ್ಕೇ ನಿಲ್ಲಿಸಿ ಎದ್ದು ಬರುವವರಿದ್ದಾರೆ. ಹಾಗೆ ಬಂದರೆ ತೆಗೆಯಬೇಕಿದ್ದ ನೀರೂ ಕೊಳೆಯೂ ಮೈಯಲ್ಲೇ ಉಳಿದಿರುತ್ತವೆ.